ರಣಹದ್ದು ಕಂಡಿತು, ಕೈಪಟ್ಟಿ ಕಾಣಲಿಲ್ಲ

ಸುಡಾನ್ ಎಂದೊಡನೆ ನಮ್ಮಲ್ಲಿ ಬಹಳ ಮಂದಿಗೆ ಇವತ್ತಿಗೂ ಮೊದಲು ನೆನಪಾಗುವುದು ಒಂದು ಫೋಟೊ. ಬರಡು ನೆಲದ ಮೇಲೆ ಕುಸಿದಿರುವ, ಮೂಳೆ ಚಕ್ಕಳವಾದ ಮಗು. ಅದರ ಹಿಂದೆ ಕಾದು ಕೂತ ರಣಹದ್ದು. ಅಂತರ್ಯುದ್ಧದ ನಡುವೆ 1993ರ ಮಾರ್ಚ್‌ನಲ್ಲಿ, ಈಗ ದಕ್ಷಿಣ ಸುಡಾನಿಗೆ ಸೇರಿದ ಆಯೋಡ್ ಎಂಬ ಹಳ್ಳಿಯಲ್ಲಿ ಕೆವಿನ್ ಕಾರ್ಟರ್ ತೆಗೆದ ಚಿತ್ರ ಅದು. ಮರುವರ್ಷ ಅದಕ್ಕೆ ಪುಲಿಟ್ಜರ್ ಬಂತು. ಅದಾಗಿ ಕೆಲವೇ ತಿಂಗಳಲ್ಲಿ ಕಾರ್ಟರ್ ಆತ್ಮಹತ್ಯೆ ಮಾಡಿಕೊಂಡರು.

ಈ ಎರಡು ಸಂಗತಿಗಳನ್ನು ಹೊಸೆದು ಮಾಡಿದ ನೀತಿಕಥೆಯೊಂದು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ವರ್ಷಕ್ಕೊಮ್ಮೆಯಾದರೂ ತಿರುಗಿ ಬರುತ್ತದೆ. ಮಗುವನ್ನು ಎತ್ತಿಕೊಳ್ಳದೆ ಕ್ಯಾಮೆರಾ ಕ್ಲಿಕ್ಕಿಸಿದವನು ಅಲ್ಲಿದ್ದ ಎರಡನೆಯ ಹದ್ದು, ಆ ಪಾಪಪ್ರಜ್ಞೆಯೇ ಅವನನ್ನು ಕೊಂದಿತು ಎಂಬುದು ಕಥೆಯ ಸಾರ. ಕಾರ್ಟರ್ ಸಾವಿನ ಹಿಂದೆ ಸಾಲವಿತ್ತು, ಕಣ್ಣಾರೆ ಕಂಡ ಹಿಂಸೆಯ ನೆನಪುಗಳಿದ್ದವು, ಆಗಷ್ಟೇ ಗುಂಡಿಗೆ ಬಲಿಯಾದ ಗೆಳೆಯನ ದುಃಖವಿತ್ತು. ಅದು ಹಾಗಿರಲಿ. ನನ್ನ ತಕರಾರು ಬೇರೆ. ಈ ಕಥೆಯಲ್ಲಿ ಮಗು, ಹದ್ದು, ಹೊರಗಿನಿಂದ ಬಂದ ಛಾಯಾಗ್ರಾಹಕ ಎಂಬ ಮೂರೇ ಪಾತ್ರಗಳಿವೆ. ಊರಿನವರು ಒಬ್ಬರೂ ಇಲ್ಲ.

ಫೋಟೊವನ್ನು ದೊಡ್ಡದು ಮಾಡಿ ನೋಡಿ. ಮಗುವಿನ ಬಲಗೈಯಲ್ಲಿ ಬಿಳಿ ಪ್ಲಾಸ್ಟಿಕ್ ಪಟ್ಟಿಯೊಂದಿದೆ. ಹತ್ತಿರದಲ್ಲೇ ಇದ್ದ ವಿಶ್ವಸಂಸ್ಥೆಯ ಆಹಾರ ಕೇಂದ್ರದ ಗುರುತು ಅದು. ಅಂದರೆ ಯಾರೋ ಆ ಮಗುವನ್ನು ಆಗಲೇ ನೋಡಿದ್ದರು, ತೂಗಿ, ಬರೆದುಕೊಂಡು, ಪಟ್ಟಿ ಕಟ್ಟಿದ್ದರು. 2011ರಲ್ಲಿ ಸ್ಪೇನಿನ 'ಎಲ್ ಮುಂಡೋ' ಪತ್ರಿಕೆಯವರು ಆಯೋಡ್‌ಗೆ ಹೋಗಿ ಹುಡುಕಿದಾಗ, ಅಂದು ಅಲ್ಲಿ ಊಟ ಹಂಚುತ್ತಿದ್ದ ಹೆಂಗಸೊಬ್ಬರ ನೆನಪೇ ದಾರಿ ತೋರಿಸಿತು. ಅದು ಹುಡುಗಿಯಲ್ಲ, ಹುಡುಗ. ಹದ್ದಿನ ಪಾಲಾಗಲಿಲ್ಲ, ಬದುಕಿದ; ಎಷ್ಟೋ ವರ್ಷಗಳ ನಂತರ ಜ್ವರ ಬಂದು ತೀರಿಕೊಂಡ ಎಂದು ಮನೆಯವರು ಹೇಳಿದರು. ಊಟ ಬಡಿಸಿದ ಆ ಕೈ ಚೌಕಟ್ಟಿನಿಂದ ಆಚೆ ಉಳಿಯಿತು. ಅದು ಬಿಟ್ಟುಹೋದ ಗುರುತು ಚೌಕಟ್ಟಿನೊಳಗೇ ಇತ್ತು, ನಮಗೆ ಕಾಣಲಿಲ್ಲ.

ಮೂವತ್ತು ವರ್ಷ ಕಳೆದರೂ ನಮ್ಮ ಬರವಣಿಗೆಯ ಚೌಕಟ್ಟು ಬದಲಾಗಿಲ್ಲ. 2023ರ ಏಪ್ರಿಲ್ 15ರಂದು ಸುಡಾನಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ಕನ್ನಡ ಪತ್ರಿಕೆಗಳಲ್ಲಿ ಅದು ಮುಖಪುಟಕ್ಕೆ ಬಂದದ್ದು ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡಾಗ. ಡಾರ್ಫುರ್ ಪ್ರಾಂತ್ಯದ ಎಲ್ ಫಾಶರ್ ಎಂಬ ಊರಿನ ಹೆಸರು ನಮ್ಮ ಕಿವಿಗೆ ಬಿದ್ದದ್ದು ಆಗಲೇ. ಚುನಾವಣೆಯ ಕಾಲ, ಟ್ವೀಟುಗಳ ಜಗಳವೂ ಆಯಿತು. 'ಆಪರೇಷನ್ ಕಾವೇರಿ' ಭಾರತೀಯರನ್ನು ಕರೆತಂದಿತು. ನಮ್ಮವರು ಮನೆ ಸೇರಿದ್ದು ದೊಡ್ಡ ಸಮಾಧಾನ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಮಾನ ಮೇಲೇರಿದ ಕೂಡಲೇ ನಮ್ಮ ಕಥೆಯೂ ಮೇಲೇರಿಬಿಟ್ಟಿತು. ಅದೇ ಎಲ್ ಫಾಶರ್‌ನಲ್ಲಿ ಉಳಿದವರು ಏನು ತಿಂದರು, ಯಾರು ಬೇಯಿಸಿದರು ಎಂದು ನಾವು ಕೇಳಲಿಲ್ಲ.

ಬೇಯಿಸಿದವರು ನೆರೆಹೊರೆಯವರೇ. 2018-19ರಲ್ಲಿ ಒಮರ್ ಅಲ್ ಬಶೀರ್ ಆಳ್ವಿಕೆಯನ್ನು ಕೆಡವಿದ ಚಳವಳಿಯ ಬೀದಿಬೀದಿಯ ಪ್ರತಿರೋಧ ಸಮಿತಿಗಳಿಂದ, ಯುದ್ಧ ಶುರುವಾದ ಕೆಲವೇ ದಿನಗಳಲ್ಲಿ 'ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್' ಎಂಬ ಬಡಾವಣೆ ಗುಂಪುಗಳು ಹುಟ್ಟಿಕೊಂಡವು. ವಿದ್ಯಾರ್ಥಿಗಳು, ವೈದ್ಯರು, ಎಂಜಿನಿಯರರು, ಮನೆ ನಡೆಸುವ ಹೆಂಗಸರು ಸೇರಿ ಸಮುದಾಯದ ಅಡುಗೆಮನೆ ತೆರೆದರು, ಮುಚ್ಚಿದ ಆಸ್ಪತ್ರೆಗೆ ಔಷಧಿ ಹೊಂಚಿದರು, ಗುಂಡಿನ ನಡುವೆ ಸಿಕ್ಕಿದ ಸಂಸಾರಗಳನ್ನು ದಾಟಿಸಿದರು, ಊರು ಬಿಟ್ಟು ಬಂದವರನ್ನು ಶಾಲೆಗಳಲ್ಲಿ ಇಳಿಸಿದರು. ಹೊರದೇಶದ ಬಂಧುಗಳು ಕಳಿಸಿದ ಹಣ 'ಬಂಕಕ್' ಎಂಬ ಮೊಬೈಲ್ ಆ್ಯಪ್ ಮೂಲಕ ತಲುಪುತ್ತಿತ್ತು. ನಮ್ಮ ಯುಪಿಐನ ಅಣ್ಣತಮ್ಮ ಅನ್ನಿ. 2024ರ ಫೆಬ್ರವರಿಯಲ್ಲಿ ದೂರಸಂಪರ್ಕ ಕಡಿದಾಗ ಹಣ ಬಾರದೆ ಒಲೆಗಳೂ ಆರಿದವು. ನೆಟ್‌ವರ್ಕ್ ಹೋದರೆ ನಮಗೆ ಮೀಟಿಂಗ್ ತಪ್ಪುತ್ತದೆ. ಅಲ್ಲಿ ಒಂದು ಬೀದಿಯ ಊಟವೇ ತಪ್ಪಿತು.

ಈ ಕೆಲಸಕ್ಕೆ ಅಲ್ಲಿನವರ ಬಳಿ ಹಳೆಯ ಮಾತುಗಳಿವೆ. ಕೊಯ್ಲಿಗೋ ಮನೆ ಕಟ್ಟುವುದಕ್ಕೋ ಊರಿಗೆ ಊರೇ ಕೂಡುವುದು 'ನಫೀರ್'. ಬಂದವರಿಗೆಲ್ಲ ಊಟವಿಡುವ ಅಡುಗೆಮನೆ 'ತಕೀಯಾ'. ಸೂಫಿಗಳ ಛತ್ರಗಳಿಂದ ಬಂದ ಪದ. ಕನ್ನಡದಲ್ಲಿ ಇವನ್ನು ಹೇಗೆ ಹೇಳುತ್ತೇವೆ? ಇಂಗ್ಲಿಷ್ ಏಜೆನ್ಸಿ ಸುದ್ದಿಯ ನೆರಳಿನಲ್ಲಿ 'ಸ್ಥಳೀಯ ದತ್ತಿ ಸಂಸ್ಥೆಗಳಿಂದ ಸಂತ್ರಸ್ತರಿಗೆ ನೆರವು' ಎಂದು ಬರೆದು ಮುಗಿಸುತ್ತೇವೆ. 'ಸಂತ್ರಸ್ತ', 'ಫಲಾನುಭವಿ', ಎರಡೂ ಕಚೇರಿಯ ಪದಗಳು. ಒಬ್ಬರು ಕೊಡುವವರು, ಇನ್ನೊಬ್ಬರು ಸಾಲಿನಲ್ಲಿ ನಿಲ್ಲುವವರು ಎಂಬ ಗೆರೆಯನ್ನು ಅವು ಮೊದಲೇ ಎಳೆದಿಡುತ್ತವೆ. ಸುಡಾನಿನ ಅಡುಗೆಮನೆಯಲ್ಲಿ ಆ ಗೆರೆ ಇಲ್ಲ. ಸೌಟು ಹಿಡಿದವರೂ ಬಹುಪಾಲು ಮನೆ ಕಳೆದುಕೊಂಡವರೇ.

ನಮ್ಮ ನುಡಿಯಲ್ಲಿ ಇದಕ್ಕೆ ಹೊಂದುವ ಪದಗಳಿಗೇನು ಬರ? ನಾಟಿಗೆ, ಕೊಯ್ಲಿಗೆ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗುವ 'ಮುಯ್ಯಾಳು' ಇದೆ. ನೆರೆ ಬಂದಾಗ ಶಾಲೆಯಲ್ಲಿ ತೆರೆಯುವ 'ಗಂಜಿಕೇಂದ್ರ' ಇದೆ. ದಾನದ ಗರ್ವವನ್ನು ಕಳೆಯಲೆಂದೇ ಶರಣರು ಹಿಡಿದ 'ದಾಸೋಹ' ಇದೆ. ಈ ಪದಗಳಲ್ಲಿ ಬರೆದರೆ ಎಲ್ ಫಾಶರ್ ಹಾವೇರಿಯಷ್ಟು ಹತ್ತಿರ ಬಂದೀತು. ಎಚ್ಚರವೂ ಬೇಕು: ಮುಯ್ಯಾಳಿನಲ್ಲಿ ಜಾತಿಯ ಲೆಕ್ಕ ಇರಲಿಲ್ಲವೆಂದು ಹೇಳಲಾಗದು, ಸುಡಾನಿನ ಗುಂಪುಗಳಲ್ಲೂ ಹೆಂಗಸರು ತಮ್ಮವೇ ಪ್ರತ್ಯೇಕ ಗುಂಪುಗಳನ್ನು ಕಟ್ಟಿಕೊಳ್ಳಬೇಕಾಯಿತು. ಹೋಲಿಕೆ ನಮ್ಮನ್ನು ಹತ್ತಿರ ತಂದರೆ ಸಾಕು, ಬೆನ್ನು ತಟ್ಟಿಕೊಳ್ಳಲು ಬಳಸುವುದು ಬೇಡ.

ಇತ್ತೀಚೆಗೆ ಇನ್ನೊಂದು ಬಗೆಯ ಬರಹ ಶುರುವಾಗಿದೆ. 2025ರಲ್ಲಿ ಈ ಗುಂಪುಗಳಿಗೆ ನಾರ್ವೆಯ ರಾಫ್ಟೋ ಪ್ರಶಸ್ತಿಯೂ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂದವು. ಕಾಣದಿದ್ದವರು ಕಂಡರು, ಒಳ್ಳೆಯದೇ. ಆದರೆ 'ಎದೆಗುಂದದ ವೀರರು', 'ಅದಮ್ಯ ಚೇತನ' ಎಂಬ ಹೊಗಳಿಕೆಯನ್ನು ನಾನು ಅನುಮಾನದಿಂದ ಓದುತ್ತೇನೆ. ಹೊಗಳಿಕೆಗೆ ಖರ್ಚಿಲ್ಲ. 2016ರಲ್ಲಿ ಇಸ್ತಾಂಬುಲ್ಲಿನ ಶೃಂಗಸಭೆಯಲ್ಲಿ ದೊಡ್ಡ ದಾನಿಗಳೂ ಸಂಸ್ಥೆಗಳೂ 'ಗ್ರ್ಯಾಂಡ್ ಬಾರ್ಗೇನ್' ಎಂಬ ಒಪ್ಪಂದ ಮಾಡಿಕೊಂಡವು: 2020ರ ಹೊತ್ತಿಗೆ ನೆರವಿನ ಹಣದಲ್ಲಿ ಕನಿಷ್ಠ 25 ಶೇಕಡಾವನ್ನು ಆದಷ್ಟು ನೇರವಾಗಿ ಸ್ಥಳೀಯರಿಗೇ ಕೊಡಬೇಕು. ಗಡುವು ಕಳೆದುಹೋಯಿತು, ಗುರಿಯ ಹತ್ತಿರಕ್ಕೂ ಜಗತ್ತು ಬರಲಿಲ್ಲ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಸುಡಾನಿನ ನೂರಾರು ಅಡುಗೆಮನೆಗಳು ಬಾಗಿಲು ಹಾಕಿದವು. ಪ್ರಶಸ್ತಿ ಬಂದದ್ದು ಅದೇ ವರ್ಷ. ಈ ಎರಡನ್ನೂ ಒಂದೇ ಪುಟದಲ್ಲಿ ಇಡದ ಲೇಖನ, ಎಷ್ಟೇ ಕಣ್ಣೀರು ತರಿಸಲಿ, ಅರ್ಧ ಲೇಖನ.

'ನೋಂದಣಿಯಿಲ್ಲದ ಹುಡುಗರ ಕೈಗೆ ಹಣ ಕೊಟ್ಟರೆ ಲೆಕ್ಕ ಯಾರು ಕೇಳಬೇಕು?' ಎಂಬ ಪ್ರಶ್ನೆ ಬರುತ್ತದೆ. ಪುಣೆ, ಹೈದರಾಬಾದಿನ ಕಂಪನಿಗಳಲ್ಲಿ ಸಿಎಸ್‌ಆರ್ ಕಡತ ನೋಡಿದವರು, 80ಜಿ ರಶೀದಿ ಇಲ್ಲದೆ ಒಂದು ರೂಪಾಯಿ ಕೊಡದವರು ಕೇಳುವ ಪ್ರಶ್ನೆಯಿದು, ನ್ಯಾಯವಾದದ್ದೇ. ಆದರೆ ಲೆಕ್ಕವೆಂದರೆ ಕಾಗದ ಮಾತ್ರವಲ್ಲ. ಸೌಟು ಹಿಡಿದವನು ಬೇಳೆ ಕದ್ದರೆ ಮೊದಲು ಗೊತ್ತಾಗುವುದು ಪಕ್ಕದ ಮನೆಯವರಿಗೆ. ಇನ್ನು ಕಾಗದದ ಅಪಾಯವೂ ಇದೆ: ಯುದ್ಧದ ಎರಡೂ ಪಕ್ಷಗಳು ಈ ಸ್ವಯಂಸೇವಕರನ್ನು ಶತ್ರುವಿನ ಕಡೆಯವರೆಂದು ಹಿಡಿದಿವೆ, ಹಿಂಸಿಸಿವೆ, ಕೊಂದಿವೆ. ಹೆಸರು, ವಿಳಾಸ, ಫೋಟೊ ತುಂಬಿದ ಪಟ್ಟಿ ದಾನಿಗೆ ಭರವಸೆ, ಸ್ವಯಂಸೇವಕನಿಗೆ ಉರುಳು. ವೀರಗಾಥೆ ಬರೆಯುವವರಿಗೂ ಈ ಮಾತು ಸಲ್ಲುತ್ತದೆ.

ಹಾಗಾಗಿ ಯುದ್ಧದ ನೆರವಿನ ಬಗ್ಗೆ ಕನ್ನಡದಲ್ಲಿ ಬರುವ ಪ್ರತಿಯೊಂದು ಬರಹಕ್ಕೂ ಮೂರು ಪ್ರಶ್ನೆ ಹಾಕಬಹುದು. ಬೇಯಿಸಿದವರು ಇದರಲ್ಲಿ ಇದ್ದಾರೆಯೇ? ಪಾತ್ರೆಯಲ್ಲಿ ಏನಿತ್ತೆಂದು ಬರೆದಿದೆಯೇ? ಪಾತ್ರೆ ಖಾಲಿಯಾದದ್ದು ಯಾರ ತೀರ್ಮಾನದಿಂದ ಎಂದು ಹೇಳಿದೆಯೇ?

ಎಲ್ ಫಾಶರ್‌ಗೆ ಈ ಪ್ರಶ್ನೆ ಹಾಕಿದರೆ ಉತ್ತರ ಸಿಗುತ್ತದೆ. ಆರ್‌ಎಸ್‌ಎಫ್ ಮುತ್ತಿಗೆ ಐನೂರು ದಿನ ದಾಟಿತು. ಆಹಾರದ ಲಾರಿಗಳನ್ನು ಒಳಗೆ ಬಿಡಲಿಲ್ಲ. ಜೋಳ, ಬೇಳೆ ಮುಗಿದ ಮೇಲೆ ಜನ 'ಅಂಬಾಜ್' ತಿಂದರು. ಅಂಬಾಜ್ ಎಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ. ನಮ್ಮೂರುಗಳಲ್ಲಿ ದನಕ್ಕೆ ಹಾಕುತ್ತೇವಲ್ಲ, ಅದೇ. ಆ ಹಿಂಡಿಯನ್ನು ಕುದಿಸಿ ಬಡಿಸಿದ್ದೂ ಈ ಅಡುಗೆಮನೆಗಳೇ. 2025ರ ಅಕ್ಟೋಬರ್ 26ರಂದು ಊರು ಆರ್‌ಎಸ್‌ಎಫ್ ಕೈಗೆ ಬಿತ್ತು, ಹತ್ಯಾಕಾಂಡ ನಡೆಯಿತು. ತಪ್ಪಿಸಿಕೊಂಡವರು ನಡೆದು ನಡೆದು ತವೀಲಾ ಎಂಬ ಊರು ಸೇರಿದರು. ಅಲ್ಲಿಯೂ ದೊಡ್ಡ ಸಂಸ್ಥೆಗಳ ಜೊತೆಜೊತೆಗೆ ಆಗಲೇ ಒಲೆ ಹೊತ್ತಿಸಿ ಕಾದಿದ್ದವರು ಇಂಥದೇ ಗುಂಪುಗಳ ಜನ.