ಸೇನೆಗೆ ಹಿನ್ನೆಲೆ, ರೈತನಿಗೆ ಹೊಲ

ಇಸ್ರೊ 2024ರ ಆಗಸ್ಟ್ 16ರಂದು ಹಾರಿಸಿದ ಇಒಎಸ್-08 ಉಪಗ್ರಹದ ತೂಕ 175.5 ಕಿಲೋ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ಅದು ಶ್ರೀಹರಿಕೋಟಾದಿಂದ ಎಸ್‌ಎಸ್‌ಎಲ್‌ವಿ-ಡಿ3 ರಾಕೆಟ್ಟಿನಲ್ಲಿ ಏರಿ 475 ಕಿ.ಮೀ. ಎತ್ತರದ ಕಕ್ಷೆ ಸೇರಿತು. ಅದಕ್ಕೆ ನಿಗದಿಯಾಗಿದ್ದ ಆಯುಷ್ಯ ಒಂದೇ ವರ್ಷ. ಮೂರು ಉಪಕರಣಗಳ ಪೈಕಿ ಒಂದು ಇಒಐಆರ್ ಎಂಬ ಇನ್‌ಫ್ರಾರೆಡ್ ಕ್ಯಾಮೆರಾ. ಹಗಲಿರಲಿ ಇರುಳಿರಲಿ, ನೆಲದ ಕಾವನ್ನು ಚಿತ್ರವಾಗಿಸುವುದು ಅದರ ಕೆಲಸ. ಈ ಕ್ಯಾಮೆರಾದ ಉಪಯೋಗಗಳನ್ನು ಪಟ್ಟಿ ಮಾಡುವಾಗ ಇಸ್ರೊ ಮೊದಲು ಹೆಸರಿಸಿದ್ದು ಉಪಗ್ರಹದ ಮೂಲಕ ಕಣ್ಗಾವಲು. ವಿಕೋಪ, ಪರಿಸರ, ಬೆಂಕಿ ಪತ್ತೆ, ಜ್ವಾಲಾಮುಖಿ ಎಲ್ಲವೂ ಆಮೇಲಿನ ಮಾತು.

ಕಾಗದದ ಮೇಲೆ ಇದು ಭೂವೀಕ್ಷಣಾ ಉಪಗ್ರಹ, ಸೇನೆಯದಲ್ಲ. ಆದರೆ ಸೇನೆ ಕಾಯುತ್ತಿರುವ ತಂತ್ರಜ್ಞಾನದ ಪರೀಕ್ಷೆ ಇಂಥ ಕಿರು ಉಪಗ್ರಹಗಳಲ್ಲೇ ನಡೆಯುತ್ತಿದೆ. ಇಒಎಸ್-08 ಹಾರುವ ಮುಂಚೆಯೇ, 2024ರ ಜೂನ್‌ನಲ್ಲಿ, ರಕ್ಷಣಾ ಸಚಿವಾಲಯದ ಐಡೆಕ್ಸ್ ಯೋಜನೆಯ 350ನೇ ಒಪ್ಪಂದ ಬೆಂಗಳೂರಿನ ಪಿಕ್ಸೆಲ್ ಕಂಪನಿಯ ಪಾಲಾಯಿತು. 150 ಕಿಲೋವರೆಗಿನ ಪುಟ್ಟ ಉಪಗ್ರಹದಲ್ಲಿ ಸಾಮಾನ್ಯ ಕ್ಯಾಮೆರಾ, ಇನ್‌ಫ್ರಾರೆಡ್, ರೇಡಾರ್, ಹೈಪರ್‌ಸ್ಪೆಕ್ಟ್ರಲ್ ಉಪಕರಣಗಳನ್ನು ಕೂರಿಸುವಂಥ ವಿನ್ಯಾಸ ಮಾಡಿಕೊಡಬೇಕೆಂಬುದು ಒಪ್ಪಂದದ ತಿರುಳು. ಆ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಅವೈಸ್ ಅಹ್ಮದ್ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನಲ್ಲಿ ಬೆಳೆದವರು. ಅಂದರೆ ಈ ವಿದ್ಯೆ ತಕ್ಕಮಟ್ಟಿಗೆ ಕರ್ನಾಟಕದ ನೆಲದಲ್ಲೂ ರೂಪುಗೊಳ್ಳುತ್ತಿದೆ. ಅದೇ ಕರ್ನಾಟಕದ ಇನ್ನೊಂದು ತುದಿಯಲ್ಲಿರುವ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆ ಹೊಲಗಳಿಗೆ ಅದರಿಂದ ಏನು ದಕ್ಕಿದೆ, ಏನು ದಕ್ಕಬೇಕು ಎಂಬುದನ್ನು ಒರೆಗೆ ಹಚ್ಚಿ ನೋಡಲೇಬೇಕು.

ಕಾವಿರುವ ಪ್ರತಿಯೊಂದು ವಸ್ತುವೂ ಇನ್‌ಫ್ರಾರೆಡ್ ಕಿರಣ ಹೊಮ್ಮಿಸುತ್ತಲೇ ಇರುತ್ತದೆ. ವಸ್ತು ಬಿಸಿಯೇರಿದಷ್ಟೂ ಆ ಕಿರಣದ ತರಂಗಾಂತರ ಕಿರಿದಾಗುತ್ತದೆ. 27 ಡಿಗ್ರಿ ಸೆಲ್ಸಿಯಸ್ ಕಾವಿನ ಹೊಲ ಅತಿ ಹೆಚ್ಚು ಹೊಮ್ಮಿಸುವುದು ಸುಮಾರು 9.7 ಮೈಕ್ರಾನ್ ತರಂಗವನ್ನು. 600 ಡಿಗ್ರಿಯಲ್ಲಿ ಉರಿಯುವ ಕಬ್ಬಿನ ರವದಿಯದು 3.3 ಮೈಕ್ರಾನ್ ಆಸುಪಾಸು. ಗಾಳಿಯಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್‌ಗಳು ಬಹುಪಾಲು ಇನ್‌ಫ್ರಾರೆಡ್ ತರಂಗಗಳನ್ನು ದಾರಿಯಲ್ಲೇ ನುಂಗುತ್ತವೆ. ಅವುಗಳ ಹಿಡಿತದಿಂದ ತಪ್ಪಿಸಿಕೊಂಡು ಮೇಲೆ ಹೋಗಲು ಮುಖ್ಯವಾಗಿ ಎರಡು ಕಿಂಡಿಗಳಿವೆ: 3ರಿಂದ 5 ಮೈಕ್ರಾನ್, 8ರಿಂದ 12 ಮೈಕ್ರಾನ್. ಇಒಐಆರ್ ಕ್ಯಾಮೆರಾಗೂ ಮಧ್ಯಮ ಮತ್ತು ದೀರ್ಘ ಎಂಬ ಎರಡು ಪಟ್ಟಿಗಳಿವೆ. ಮೊದಲನೆಯದು ಬೆಂಕಿಯನ್ನು ಹಿಡಿಯುತ್ತದೆ, ಎರಡನೆಯದು ನೆಲದ ಸಹಜ ಕಾವನ್ನು. ಕ್ಷಿಪಣಿಯ ಬಾಲದ ಉರಿಯೂ ಮೊದಲ ಕಿಂಡಿಯಲ್ಲೇ ಎದ್ದು ಕಾಣುತ್ತದೆ. ಸೇನೆಯ ಆಸಕ್ತಿಯ ಮೂಲ ಅಲ್ಲಿದೆ.

ಈ ಆಸಕ್ತಿ ಹೊಸದಲ್ಲ. ಅಮೆರಿಕದ ಕ್ಷಿಪಣಿ ರಕ್ಷಣಾ ವಿಭಾಗ 1990ರ ದಶಕದಲ್ಲಿ ಎಂಎಸ್‌ಟಿಐ ಎಂಬ ಕಿರು ಉಪಗ್ರಹಗಳ ಸರಣಿಯನ್ನೇ ಹಾರಿಸಿತು. ಮೊದಲನೆಯದು 1992ರ ನವೆಂಬರ್‌ನಲ್ಲಿ, ಎರಡನೆಯದು 1994ರ ಮೇ ತಿಂಗಳಲ್ಲಿ, ಮೂರನೆಯದು 1996ರ ಮೇ ತಿಂಗಳಲ್ಲಿ. ಕಡಿಮೆ ಖರ್ಚು, ಕಡಿಮೆ ಸಮಯ, ಒಂದೆರಡು ಇನ್‌ಫ್ರಾರೆಡ್ ಸೆನ್ಸರ್, ಇಷ್ಟೇ ಅದರ ಸೂತ್ರ. ಮೂರನೆಯ ಉಪಗ್ರಹಕ್ಕೆ ವಹಿಸಿದ ಕೆಲಸ ವಿಮರ್ಶಕರ ಗಮನಕ್ಕೆ ಅರ್ಹ. ಹಾರುವ ಕ್ಷಿಪಣಿಯನ್ನು ಬೆಚ್ಚಗಿನ ಭೂಮಿಯ ಎದುರು ಗುರುತಿಸಬೇಕಾದರೆ ಮೊದಲು ಆ ಭೂಮಿ ಹೇಗೆ ಕಾಣುತ್ತದೆಂದು ತಿಳಿದಿರಬೇಕಲ್ಲ? ಮೋಡ, ಕಡಲು, ಬಯಲು, ಬಿಸಿಲು ಬಿದ್ದ ಬಂಡೆ ಇವೆಲ್ಲವುಗಳ ಚಿತ್ರಗಳನ್ನು ಎಂಎಸ್‌ಟಿಐ-3 ರಾಶಿ ಹಾಕಿತು. ಸೇನೆಯ ಭಾಷೆಯಲ್ಲಿ ಅದು ಬರೀ ಹಿನ್ನೆಲೆ, ಲೆಕ್ಕದಿಂದ ಕಳೆದುಹಾಕಬೇಕಾದ ಗದ್ದಲ.

ಆ ಹಿನ್ನೆಲೆಯೇ ಕಲಬುರಗಿ ಸೀಮೆಯ ಬದುಕು.

ಇದನ್ನು ಹತ್ತಿರದಿಂದ ನೋಡಬೇಕೆಂದರೆ ತೊಗರಿಯ ನೆಟೆ ರೋಗದ ಉದಾಹರಣೆ ಸಾಕು. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿ 2022ರ ಹಂಗಾಮಿನಲ್ಲಿ ಈ ರೋಗಕ್ಕೆ ಸಿಕ್ಕು ಎಕರೆಗಟ್ಟಲೆ ಒಣಗಿತು. ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ನೆಟೆ ಬಂದ ಗಿಡದ ಕಾಂಡವನ್ನು ಸೀಳಿದರೆ ತೊಗಟೆಯ ಕೆಳಗೆ ಕಂದು-ಕಪ್ಪು ಗೆರೆಗಳು ಕಾಣುತ್ತವೆ. ಮಣ್ಣಿನ ಶಿಲೀಂಧ್ರ ನೀರು ಏರುವ ನಾಳಗಳನ್ನು ಕಟ್ಟಿಹಾಕಿರುತ್ತದೆ. ನೀರು ಏರದಿದ್ದರೆ ಎಲೆ ಬೆವರುವುದಿಲ್ಲ, ಬೆವರದಿದ್ದರೆ ತಂಪಾಗುವುದಿಲ್ಲ. ಎಲೆ ಹಳದಿಯಾಗಿ ಜೋತು ಬೀಳುವ ಮೊದಲೇ ಅದರ ಕಾವು ಪಕ್ಕದ ಆರೋಗ್ಯವಂತ ಗಿಡಕ್ಕಿಂತ ಏರುತ್ತದೆ. ಕಣ್ಣಿಗೆ ಕಾಣದ ಆ ವ್ಯತ್ಯಾಸ ದೀರ್ಘ ಇನ್‌ಫ್ರಾರೆಡ್‌ನಲ್ಲಿ ಕಾಣಬಲ್ಲದು. ತೊಗರಿ ಹೂವು, ಕಾಯಿಗೆ ಬರುವ ಅಕ್ಟೋಬರ್-ನವೆಂಬರ್ ಹೊತ್ತಿಗೆ ಮುಂಗಾರಿನ ಮೋಡವೂ ಸರಿದು ಆಕಾಶ ತೆರವಾಗುತ್ತದೆ. ರೋಗ ಬಂದ ಗಿಡವನ್ನು ಉಪಗ್ರಹ ಬದುಕಿಸಲಾರದು, ಅದು ನಿಜ. ಆದರೆ ಯಾವ ಊರಿನ ಯಾವ ಪಟ್ಟಿಯಲ್ಲಿ ರೋಗ ಹಬ್ಬುತ್ತಿದೆ ಎಂಬ ನಕ್ಷೆ ಸಕಾಲಕ್ಕೆ ಸಿಕ್ಕರೆ ಮರು ವರ್ಷದ ಬೆಳೆ ಬದಲಾವಣೆಗೂ ಪರಿಹಾರದ ಸಮೀಕ್ಷೆಗೂ ಅದು ಗಟ್ಟಿ ಆಧಾರ.

ಇನ್ನು ಪರೀಕ್ಷೆಯ ಗುಣ. ಇಒಎಸ್-08ರ ಕಕ್ಷೆಯ ಆಯ್ಕೆಯನ್ನು ಮನಸಾರೆ ಮೆಚ್ಚಬೇಕು. ಹೆಚ್ಚಿನ ಭೂವೀಕ್ಷಣಾ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುತ್ತ ಒಂದು ಊರನ್ನು ಪ್ರತಿ ಸಲವೂ ಒಂದೇ ಗಂಟೆಗೆ ನೋಡುತ್ತವೆ. ಅಮೆರಿಕದ ಲ್ಯಾಂಡ್‌ಸ್ಯಾಟ್‌ಗೆ ಅದು ಬೆಳಿಗ್ಗೆ ಹತ್ತರ ಸುಮಾರು. ಇಒಎಸ್-08 ಸಮಭಾಜಕಕ್ಕೆ 37.4 ಡಿಗ್ರಿ ಓರೆಯಾಗಿ ಸುತ್ತುವಂತೆ ಮಾಡಲಾಯಿತು. ಇದರಿಂದ 17 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ಈ ಮೂರು ತಾಲ್ಲೂಕುಗಳಂಥ ಜಾಗಗಳ ಮೇಲೆ ಅದು ಪದೇ ಪದೇ ಹಾಯುತ್ತದೆ. ಜತೆಗೆ, ಹಾಯುವ ಹೊತ್ತು ದಿನಕ್ಕೆ ಸುಮಾರು ಅರ್ಧ ಗಂಟೆಯಂತೆ ಹಿಂದೆ ಸರಿಯುತ್ತ ಸುಮಾರು ಐವತ್ತು ದಿನಗಳಲ್ಲಿ ಹಗಲಿರುಳಿನ ಎಲ್ಲ ಗಂಟೆಗಳನ್ನೂ ಸುತ್ತಿ ಬರುತ್ತದೆ. ಇಂದು ನಡುಮಧ್ಯಾಹ್ನ ನೋಡಿದ ಹೊಲವನ್ನು ಮುಂದೊಂದು ದಿನ ನಸುಕಿನಲ್ಲಿ, ಇನ್ನೊಂದು ದಿನ ಮಧ್ಯರಾತ್ರಿ ನೋಡಲು ಸಾಧ್ಯ. ಕಣ್ಗಾವಲಿಗೆ ಇದು ಅನುಕೂಲ. ಕೃಷಿಗೂ ಅಷ್ಟೇ ಅನುಕೂಲ. ಒದ್ದೆ ಮಣ್ಣು ನಿಧಾನ ಕಾಯ್ದು ನಿಧಾನ ಆರುತ್ತದೆ, ಒಣ ಮಣ್ಣು ಬೇಗ ಕಾಯ್ದು ಬೇಗ ಆರುತ್ತದೆ. ಹಗಲಿನ ಕಾವಿಗೂ ಇರುಳಿನ ಕಾವಿಗೂ ಇರುವ ಅಂತರ ಗೊತ್ತಾದರೆ ಮಣ್ಣಿನ ತೇವದ ಅಂದಾಜು ಸಿಗುತ್ತದೆ. ಬೇಸಿಗೆಯ ಹಗಲಿನ ಚಿತ್ರದಲ್ಲಿ ಭೀಮಾ ನದಿ ಸುತ್ತಲಿನ ಕಾದ ಎರೆ ನೆಲಕ್ಕಿಂತ ತಣ್ಣಗೆ, ಕಪ್ಪು ಗೆರೆಯಾಗಿ ಕಾಣುತ್ತದೆ. ರಾತ್ರಿಯ ಚಿತ್ರದಲ್ಲಿ ನೆಲ ಆರಿ, ಅದೇ ನದಿ ಬೆಳ್ಳಗೆ ಹೊಳೆಯುತ್ತದೆ. ಸೊನ್ನ ಬ್ಯಾರೇಜಿನ ಹಿಂದೆ ನೀರು ಎಲ್ಲಿಯವರೆಗೆ ನಿಂತಿದೆಯೆಂದು ಗುರುತಿಸಲು ಈ ಎರಡು ಚಿತ್ರಗಳ ಜೋಡಿ ನೆರವಾಗಬಲ್ಲದು.

ಸೋಲಿನಿಂದ ಎದ್ದು ಬಂದ ರೀತಿಯೂ ಮೆಚ್ಚುವಂಥದೇ. 2022ರ ಆಗಸ್ಟ್ 7ರಂದು ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟ ವಿಫಲವಾಗಿ, 356 ಕಿ.ಮೀ. ವೃತ್ತಾಕಾರದ ಕಕ್ಷೆ ಸೇರಬೇಕಿದ್ದ ಇಒಎಸ್-02 ಉಪಗ್ರಹ ಒಂದು ಬದಿಯಲ್ಲಿ ನೆಲಕ್ಕೆ 76 ಕಿ.ಮೀ.ವರೆಗೂ ಇಳಿಯುವ ಕಕ್ಷೆಗೆ ಬಿದ್ದು ನಷ್ಟವಾಯಿತು. 2023ರ ಫೆಬ್ರುವರಿಯಲ್ಲಿ ಎರಡನೇ ಹಾರಾಟ ಗೆದ್ದಿತು, 2024ರಲ್ಲಿ ಮೂರನೆಯದು. ಎರಡು ಟನ್ನಿನ ದುಬಾರಿ ಉಪಗ್ರಹವೊಂದು ಹೀಗೆ ಬಿದ್ದಿದ್ದರೆ ಇಷ್ಟು ಬೇಗ ಚೇತರಿಸಿಕೊಳ್ಳುವುದು ಕಷ್ಟವಿತ್ತು. ಕಿರು ಉಪಗ್ರಹದ ನಿಜವಾದ ಬಲ ಅದರ ಗಾತ್ರದಲ್ಲಿಲ್ಲ, ಮತ್ತೆ ಮತ್ತೆ ಪ್ರಯತ್ನಿಸುವ ಸ್ವಾತಂತ್ರ್ಯದಲ್ಲಿದೆ.

ಆದರೆ ಮಿತಿಗಳನ್ನು ಮುಚ್ಚಿಟ್ಟರೆ ವಿಮರ್ಶೆಯಾಗದು. ಸಣ್ಣ ಉಪಗ್ರಹದಲ್ಲಿ ದೊಡ್ಡ ಕನ್ನಡಿ ಹಿಡಿಸದು, ಇನ್‌ಫ್ರಾರೆಡ್‌ಗೆ ದೊಡ್ಡ ಕನ್ನಡಿಯೇ ಬೇಕು. 475 ಕಿ.ಮೀ. ಎತ್ತರದಲ್ಲಿ 20 ಸೆಂ.ಮೀ. ಅಗಲದ ದೂರದರ್ಶಕವಿದೆ ಎಂದಿಟ್ಟುಕೊಂಡರೆ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಒಂದೂವರೆ ಮೀಟರಿನ ವಸ್ತುವನ್ನು ಬಿಡಿಸಿ ನೋಡಬಲ್ಲದು. 10 ಮೈಕ್ರಾನ್ ತರಂಗದಲ್ಲಿ ಅದೇ ದೂರದರ್ಶಕದ ಮಿತಿ ಸುಮಾರು 29 ಮೀಟರ್. ಇದು ಭೌತಶಾಸ್ತ್ರ ಹಾಕಿದ ಗಡಿ, ಎಂಜಿನಿಯರರ ಕೊರತೆಯಲ್ಲ. ಎರಡು ಎಕರೆಯ ಚೌಕ ಹೊಲವೆಂದರೆ ಬದಿಗೆ ಸುಮಾರು 90 ಮೀಟರ್. ಅಲ್ಲಿಗೆ ಅಂಥ ಚಿತ್ರದಲ್ಲಿ ಒಬ್ಬ ಸಣ್ಣ ರೈತನ ಪಾಲಿಗೆ ಬರುವುದು ಒಂಬತ್ತು ಚುಕ್ಕೆ. ಎಲ್ಲರಿಗೂ ಉಚಿತವಾಗಿ ಸಿಗುವ ಲ್ಯಾಂಡ್‌ಸ್ಯಾಟ್ ಕಾವಿನ ಚಿತ್ರದಲ್ಲಿ ಒಂದು ಚುಕ್ಕೆ 100 ಮೀಟರ್. ಇಡೀ ಹೊಲ ಒಂದು ಚುಕ್ಕೆಯನ್ನೂ ತುಂಬುವುದಿಲ್ಲ. ಒಂಬತ್ತು ಚುಕ್ಕೆ ಕಡಿಮೆಯೆನಿಸಿದರೂ ಹೊಲದ ಯಾವ ಮೂಲೆ ಒಣಗುತ್ತಿದೆ ಎಂದು ಹೇಳಲು ಸಾಲುತ್ತದೆ.

ಎರಡನೆಯ ಮಿತಿ ಮೋಡ. ಕಾವಿನ ಕಿರಣ ಮೋಡವನ್ನು ದಾಟುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಧಾರಾಕಾರ ಮಳೆ ಸುರಿದು, ಮೇಲಿನ ಉಜನಿ ಜಲಾಶಯದಿಂದಲೂ ನೀರು ಬಂದು ಭೀಮಾ ಉಕ್ಕಿತು. ಅಫಜಲಪುರ, ಜೇವರ್ಗಿಯ ನದಿ ದಂಡೆಯ ಊರುಗಳು ಮುಳುಗಿದವು. ಅಂಥ ದಿನಗಳಲ್ಲಿ ಇಒಐಆರ್ ತಲೆಯ ಮೇಲಿದ್ದರೂ ಅದಕ್ಕೆ ಕಾಣುತ್ತಿದ್ದದ್ದು ಮೋಡದ ನೆತ್ತಿಯಷ್ಟೆ. ಪ್ರವಾಹ ನಿಗಾಗೆ ಈ ಕ್ಯಾಮೆರಾ ಉಪಯುಕ್ತವೆಂದು ಯಾರಾದರೂ ಹೇಳಿದರೆ ಭೀಮಾ ತೀರದವರು ಅದನ್ನು ಸಲೀಸಾಗಿ ಒಪ್ಪಬಾರದು. ಪ್ರವಾಹಕ್ಕೆ ಬೇಕಾದದ್ದು ರೇಡಾರ್. ಇಲ್ಲವೇ ಇದೇ ಇಒಎಸ್-08ರಲ್ಲಿದ್ದ, ಕಡಿಮೆ ಸುದ್ದಿಯಾದ ಇನ್ನೊಂದು ಉಪಕರಣ ಜಿಎನ್‌ಎಸ್‌ಎಸ್-ಆರ್. ಜಿಪಿಎಸ್‌ನಂಥ ಉಪಗ್ರಹಗಳ ಸಂಕೇತ ನೆಲಕ್ಕೆ ಬಡಿದು ಚಿಮ್ಮುವುದನ್ನು ಹಿಡಿದು, ಮೋಡವಿದ್ದರೂ ಮಣ್ಣಿನ ತೇವ, ನಿಂತ ನೀರು ಎರಡನ್ನೂ ಅದು ಅಳೆಯುತ್ತದೆ. ಈ ಮೂರು ತಾಲ್ಲೂಕುಗಳ ಮಟ್ಟಿಗೆ ಹೇಳುವುದಾದರೆ ಮಳೆಗಾಲದಲ್ಲಿ ಆ ಉಪಕರಣ ಮೇಲು, ದಸರೆಯಿಂದ ಯುಗಾದಿಯವರೆಗೆ ಇನ್‌ಫ್ರಾರೆಡ್ ಮೇಲು.

ಇಸ್ರೊ ಪ್ರಕಟಿಸಿದ ಜಿಎನ್‌ಎಸ್‌ಎಸ್-ಆರ್‌ನ ಮೊದಲ ಫಲಿತಾಂಶಗಳು ಸಹಾರಾ ಮರುಭೂಮಿಯ ಮಣ್ಣಿನ ತೇವ ಮತ್ತು ಅಮೆಜಾನ್ ಕಾಡಿನ ನೀರು ನಿಂತ ಪ್ರದೇಶಕ್ಕೆ ಸಂಬಂಧಿಸಿದ್ದವು. ಉಪಕರಣದ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಲು ಅತಿ ಒಣ ಮತ್ತು ಅತಿ ಒದ್ದೆ ಜಾಗಗಳಿಂದ ತೊಡಗುವುದು ಸರಿಯಾದ ಕ್ರಮವೇ. ಆದರೆ ಆ ಎರಡರ ನಡುವಿನ, ಮಳೆಗೆ ಉಬ್ಬಿ ಬೇಸಿಗೆಗೆ ಕೈ ತೂರುವಷ್ಟು ಬಿರಿಯುವ ಎರೆ ಮಣ್ಣಿನ ಮೇಲೆ ಪರೀಕ್ಷೆಯಾಗದೆ ಈ ದೇಶದ ರೈತನಿಗೆ ಅದರ ಲಾಭ ಮುಟ್ಟದು. ಇನ್‌ಫ್ರಾರೆಡ್‌ಗೂ ಈ ಮಾತು ಸಲ್ಲುತ್ತದೆ. ಕಪ್ಪು ನೆಲ ಬಿಸಿಲನ್ನು ಹೀರುವ ಪರಿಯೇ ಬೇರೆ. ಬಿರುಕಿನ ಒಳಗಿನ ಕಾವು ಬೇರೆ, ಮೇಲಿನ ಕಾವು ಬೇರೆ. ಬೇರೆಲ್ಲೋ ಸರಿಹೊಂದಿಸಿದ ಅಳತೆಯನ್ನು ತಂದು ಜೇವರ್ಗಿಯ ಹತ್ತಿ ಹೊಲಕ್ಕೆ ಅನ್ವಯಿಸಿದರೆ ತಪ್ಪು ಉತ್ತರ ಬರುವ ಸಂಭವವೇ ಹೆಚ್ಚು.

ಉಪಗ್ರಹದ ಲೆಕ್ಕ ಈಗಾಗಲೇ ರೈತನ ಹಣೆಬರಹದಲ್ಲಿ ಸೇರಿದೆ ಎಂಬುದನ್ನೂ ನೆನೆಯಬೇಕು. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯಂತೆ ತಾಲ್ಲೂಕು ಬರಪೀಡಿತ ಹೌದೋ ಅಲ್ಲವೋ ಎಂದು ತೀರ್ಮಾನಿಸುವಾಗ ನೋಡುವ ಸೂಚಕಗಳಲ್ಲಿ ಬೆಳೆಯ ಹಸಿರನ್ನು ತೋರುವ ಎನ್‌ಡಿವಿಐ, ಅದರ ನೀರಿನಂಶವನ್ನು ತೋರುವ ಎನ್‌ಡಿಡಬ್ಲ್ಯುಐ ಎಂಬ ಎರಡು ಇವೆ. ಎರಡೂ ಗಿಡದಿಂದ ಮರಳಿ ಬರುವ ಇನ್‌ಫ್ರಾರೆಡ್ ಬೆಳಕಿನ ಮೇಲೇ ನಿಂತಿವೆ. 2023ರಲ್ಲಿ ರಾಜ್ಯ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದಾಗಲೂ ಇದೇ ಕೈಪಿಡಿ ಮುಂದಿತ್ತು. ಪರಿಹಾರವನ್ನು ನಿರ್ಧರಿಸುವ ಅಳತೆ ಇನ್‌ಫ್ರಾರೆಡ್‌ನದಾದರೆ, ಆ ಅಳತೆಯನ್ನು ಸುಧಾರಿಸುವ ಚಿತ್ರಗಳನ್ನು ನೋಡುವ ಹಕ್ಕೂ ಪರಿಹಾರ ಕಾಯುವವನಿಗಿದೆ.

ಗುಟ್ಟು ಕಾಯಬೇಕಾದ್ದು ಇಲ್ಲವೆಂದಲ್ಲ. 2019ರ ಜನವರಿ 24ರಂದು ಹಾರಿದ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗಾಗಿ ಕಳಿಸಿದ ಮೈಕ್ರೋಸ್ಯಾಟ್-ಆರ್ ಉಪಗ್ರಹವನ್ನು ಮಾರ್ಚ್ 27ರಂದು ಮಿಷನ್ ಶಕ್ತಿ ಪರೀಕ್ಷೆಯಲ್ಲಿ ಭಾರತದ್ದೇ ಕ್ಷಿಪಣಿ ಹೊಡೆದುರುಳಿಸಿತು. ಅಂಥ ಕಾರ್ಯಾಚರಣೆಯ ವಿವರ ಬಯಲಿಗೆ ಬರಬೇಕೆಂದು ಯಾರೂ ಕೇಳುವುದಿಲ್ಲ. ಗಡಿಯ, ನೌಕಾನೆಲೆಯ, ವಿಮಾನನೆಲೆಯ ಚಿತ್ರಗಳನ್ನು ಮುಚ್ಚಿಡಲಿ. ಆದರೆ ಆಳಂದದ ತೊಗರಿ, ಅಫಜಲಪುರದ ಕಬ್ಬು, ಕೋರಳ್ಳಿ ಬಳಿಯ ಅಮರ್ಜಾ ಜಲಾಶಯ ಎಷ್ಟು ಬೆಚ್ಚಗಿವೆ ಎಂಬುದರಲ್ಲಿ ಯಾವ ಶತ್ರುವಿಗೂ ಲಾಭವಿಲ್ಲ. 2023ರ ಭಾರತೀಯ ಬಾಹ್ಯಾಕಾಶ ನೀತಿಯೇ 5 ಮೀಟರ್ ಮತ್ತು ಅದಕ್ಕಿಂತ ಒರಟಾದ ಉಪಗ್ರಹ ಚಿತ್ರಗಳು ಎಲ್ಲರಿಗೂ ಮುಕ್ತವಾಗಿ ಸಿಗಬೇಕೆನ್ನುತ್ತದೆ. ಕಿರು ಉಪಗ್ರಹದ ಕಾವಿನ ಚಿತ್ರ ಭೌತಶಾಸ್ತ್ರದ ಗಡಿಯಿಂದಾಗಿಯೇ ಆ ಮಿತಿಯ ಆಚೆ ಉಳಿಯುತ್ತದೆ.

ಕೃಷಿಗೆಂದೇ ರೂಪಿಸಿದ ಕಾವಿನ ಉಪಗ್ರಹವೂ ಯೋಜನೆಯಲ್ಲಿದೆ. ಇಸ್ರೊ ಮತ್ತು ಫ್ರಾನ್ಸಿನ ಸಿಎನ್‌ಇಎಸ್ ಜಂಟಿಯಾಗಿ ರೂಪಿಸುತ್ತಿರುವ ತೃಷ್ಣಾ ಯೋಜನೆ ಬೆಳೆಯ ನೀರಿನ ಕೊರತೆಯನ್ನು ಕೆಲವೇ ದಿನಗಳಿಗೊಮ್ಮೆ, ಸುಮಾರು 57 ಮೀಟರ್ ಚುಕ್ಕೆಗಳಲ್ಲಿ ಅಳೆಯಲಿದೆ. ಅದು ಬರುವ ಮೊದಲೇ ನೆಲದ ಮೇಲಿನ ತಯಾರಿ ಆಗಬೇಕು. ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ. ಸುತ್ತ ತೊಗರಿ ಹೊಲ, ಒಂದು ಕಡೆ ಅಮರ್ಜಾ, ಇನ್ನೊಂದು ಕಡೆ ಭೀಮಾ. ಮಣ್ಣಿನ ಕಾವು, ಎಲೆಯ ಕಾವು, ತೇವ ಮೂರನ್ನೂ ಹೊಲದಲ್ಲೇ ಅಳೆದು ಉಪಗ್ರಹದ ಅಂಕಿಗಳ ಜತೆ ತಾಳೆ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಇಒಎಸ್-08 ಕಲಬುರಗಿ ಜಿಲ್ಲೆಯ ಮೇಲೆ ತೆಗೆದ ಇನ್‌ಫ್ರಾರೆಡ್ ಚಿತ್ರಗಳನ್ನು ಇಸ್ರೊ ಆ ವಿಶ್ವವಿದ್ಯಾಲಯಕ್ಕೂ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೂ ಕೊಡಲಿ. ರಕ್ಷಣಾ ಸಚಿವಾಲಯ ಕಿರು ಉಪಗ್ರಹಗಳಿಗೆ ಮುಂದೆ ಬರೆಯುವ ಒಪ್ಪಂದಗಳಲ್ಲಿ, ಸೇನೆಗೆ ಬೇಡವಾದ ಹಿನ್ನೆಲೆಯ ಚಿತ್ರಗಳು ಕೃಷಿ ಇಲಾಖೆಗೆ ಸೇರತಕ್ಕದ್ದು ಎಂಬ ಒಂದು ಕಲಮು ಸೇರಿಸಲಿ. ಈ ಬೇಡಿಕೆಯನ್ನು ಕಲಬುರಗಿಯ ಸಂಸದರು ಲೋಕಸಭೆಯಲ್ಲೂ ಮೂರು ತಾಲ್ಲೂಕುಗಳ ಶಾಸಕರು ವಿಧಾನಸಭೆಯಲ್ಲೂ ಎತ್ತಬೇಕು.