ಹಿಡಿಯುವ ಬಾಯಿಗಳು: ಶಸ್ತ್ರವೈದ್ಯರ ಉಪಕರಣಗಳನ್ನು ನೋಡುವ ಬಗೆ

ಶಸ್ತ್ರಕ್ರಿಯಾಗಾರವನ್ನು ಮೊದಲ ಬಾರಿಗೆ ಪ್ರವೇಶಿಸಿದವನ ಕಣ್ಣು ಸಹಜವಾಗಿಯೇ ಕತ್ತಿಯನ್ನು ಅರಸುತ್ತದೆ. ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಸಾಲಾಗಿ ಮಲಗಿರುವ ಉಕ್ಕಿನ ಉಪಕರಣಗಳ ರಾಶಿಯಲ್ಲಿ ಅದು ಒಂದೋ ಎರಡೋ ಮಾತ್ರ ಇರುವುದನ್ನು ಕಂಡು ಅವನಿಗೆ ಕೊಂಚ ನಿರಾಶೆಯೂ ಆಗುತ್ತದೆ. ರಸಿಕನಾಗಬೇಕೆಂಬವನು ಈ ನಿರಾಶೆಯಿಂದಲೇ ಪಾಠವನ್ನು ಮೊದಲು ಮಾಡತಕ್ಕದ್ದು. ಕೊಯ್ಯುವ ಶಸ್ತ್ರಗಳನ್ನು 20 ಎಂದೂ, ಹಿಡಿಯುವ, ಸೆಳೆಯುವ, ಶೋಧಿಸುವ ಯಂತ್ರಗಳನ್ನು 101 ಎಂದೂ ಸುಶ್ರುತನು ಎಣಿಸಿದ್ದಾನೆ. ಈ ಪ್ರಮಾಣದಲ್ಲಿಯೇ ಶಸ್ತ್ರವೈದ್ಯದ ಗುಟ್ಟು ಅಡಗಿದೆಯೆಂದು ನನ್ನ ಅಭಿಪ್ರಾಯ.

ಕತ್ತಿಯನ್ನು ಬೇಗನೆ ನೋಡಿ ಮುಗಿಸೋಣ. ಹಿಡಿ ಬೇರೆ, ಅಲಗು ಬೇರೆ. ಮೊಂಡಾದ ಅಲಗನ್ನು ಕಳಚಿ ಎಸೆಯುವ ಈ ವ್ಯವಸ್ಥೆಗೆ ಅಮೆರಿಕದ ಮಾರ್ಗನ್ ಪಾರ್ಕರ್ 1915ರಲ್ಲಿ ಪೇಟೆಂಟ್ ಪಡೆದನು. 10ನೆಯ ಅಲಗಿನ ಬಾಗಿದ ಹೊಟ್ಟೆ ಚರ್ಮವನ್ನು ಉದ್ದಕ್ಕೆ ಸೀಳುವುದಕ್ಕೆ, 11ರ ಮೊನೆ ಕೀವುಗಟ್ಟಿದ ಕುರುವನ್ನು ಚುಚ್ಚುವುದಕ್ಕೆ, ಪುಟ್ಟ 15 ನಾಜೂಕು ಕೆಲಸಕ್ಕೆ.

ಇನ್ನು ಆರ್ಟರಿ ಫೋರ್ಸೆಪ್ಸ್ ಅನ್ನು ಕೈಗೆ ತೆಗೆದುಕೊಳ್ಳಿ. ಹೆಬ್ಬೆರಳೂ ಉಂಗುರದ ಬೆರಳೂ ಬಳೆಗಳೊಳಗೆ, ತೋರುಬೆರಳು ಕೀಲಿನ ಕಡೆಗೆ ಚಾಚಿಕೊಂಡು. ಒತ್ತಿದರೆ ಕಟ್, ಕಟ್ ಎಂದು ಹಲ್ಲು ಕಚ್ಚಿಕೊಳ್ಳುತ್ತದೆ. ರಕ್ತ ಚಿಮ್ಮುವ ನಾಳದ ಬಾಯನ್ನು ಹಿಡಿದ ಮೇಲೆ, ದಾರ ಕಟ್ಟುವವರೆಗೆ, ಅದು ಯಾರ ಕೈಯ ಹಂಗೂ ಇಲ್ಲದೆ ಹಿಡಿದುಕೊಂಡೇ ಇರುತ್ತದೆ. ಈಗ ಕೀಲನ್ನು ನೋಡಿ. ಒಂದು ತೋಳು ಇನ್ನೊಂದರ ಒಡಲೊಳಗಿನಿಂದ ಹಾಯ್ದುಹೋಗಿದೆ. ಆದುದರಿಂದಲೇ ತುದಿಗಳು ಅತ್ತಿತ್ತ ಜರುಗದೆ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಸಿಂಹ, ಕಾಗೆ, ಕೊಕ್ಕರೆಗಳ ಮುಖದ ಹೆಸರು ಹೊತ್ತ ಸುಶ್ರುತನ ಸ್ವಸ್ತಿಕ ಯಂತ್ರಗಳಲ್ಲಿ ಚನ್ನಂಗಿ ಕಾಳಿನಾಕಾರದ ಕೀಲು ಮಾಡುತ್ತಿದ್ದುದೂ ಎರಡು ತೋಳುಗಳನ್ನು ಬಂಧಿಸುವ ಈ ಕೆಲಸವನ್ನೇ.

ಉಪಕರಣದ ಗುಣವನ್ನು ಅರಿಯಬೇಕಾದರೆ ಅದರ ಬಾಯನ್ನು ತೆರೆದು ನೋಡಬೇಕು, ಎತ್ತನ್ನು ಕೊಳ್ಳುವವನು ಹಲ್ಲು ನೋಡುವಂತೆ. ಕಾಕರ್ ಎಂಬ ಇಕ್ಕಳದ ತುದಿಯಲ್ಲಿ ಚೂಪಾದ ಹಲ್ಲುಂಟು, ಜಾರುವ ಗಟ್ಟಿ ಪೊರೆಗೆ ಅದು ತಕ್ಕುದು. ಆಲಿಸ್‌ನ ಬಾಯಲ್ಲಿ ಒಂದರೊಳಗೊಂದು ಕೂರುವ ಸಣ್ಣ ಹಲ್ಲುಗಳ ಸಾಲು. ಬ್ಯಾಬ್‌ಕಾಕ್ ಹಾಗಲ್ಲ: ದುಂಡಗಿನ, ಕಿಂಡಿಯುಳ್ಳ, ಹಲ್ಲಿಲ್ಲದ ಬಾಯಿ, ಮರಿಯನ್ನು ಕಚ್ಚಿ ಒಯ್ಯುವ ತಾಯಿಬೆಕ್ಕಿನ ಹಾಗೆ. ನಾನು ವೈದ್ಯವಿದ್ಯಾರ್ಥಿಯಾಗಿದ್ದಾಗ, ಅಪೆಂಡಿಕ್ಸ್ ತೆಗೆಯುವ ಸಂದರ್ಭದಲ್ಲಿ ಬ್ಯಾಬ್‌ಕಾಕ್ ಕೇಳಿದ ಹಿರಿಯರಿಗೆ ಆಲಿಸ್ ಚಾಚಿದೆನು. ಪಕ್ಕದಲ್ಲಿದ್ದ ಸಿಸ್ಟರ್ ಅದನ್ನು ಮೆಲ್ಲನೆ ನನ್ನ ಕೈಯಿಂದ ತೆಗೆದು, ಬಾಯಿ ಬಿಡಿಸಿ ತೋರಿಸಿ, "ಇದಕ್ಕೆ ಹಲ್ಲಿದೆಯಪ್ಪಾ, ಕರುಳಿಗೆ ಕೊಡಬಾರದು" ಎಂದರು. ಪಠ್ಯಪುಸ್ತಕ ಓದಿಯೂ ತಿಳಿಯದುದು ಅಂದು ತಿಳಿಯಿತು.

ಕತ್ತರಿಗಳಲ್ಲಿಯೂ ಜಾತಿಭೇದವುಂಟು. ನೀಳ ಕಾಲು, ಗಿಡ್ಡ ತೆಳು ಅಲಗಿನ ಮೆಟ್ಜೆನ್‌ಬಾಮ್ ಮೃದು ಅಂಗಾಂಶಕ್ಕೆ ಮೀಸಲು. ಅದರಿಂದ ಹೊಲಿಗೆದಾರ ಕತ್ತರಿಸಿದರೆ, ದರ್ಜಿಯ ಕತ್ತರಿಯಲ್ಲಿ ಕಾಗದ ಕತ್ತರಿಸಿದ ಮಗುವಿಗೆ ಆಗುವ ಮಂಗಳಾರತಿಯೇ ಆಗುತ್ತದೆ. ದಾರಕ್ಕೆ ದೃಢಕಾಯದ ಮೇಯೊ ಇದೆ. ಸೂಜಿ ಹಿಡಿಯುವ ಇಕ್ಕಳ ನೋಡಲು ಆರ್ಟರಿಯಂತೆಯೇ, ಮೂತಿ ಮಾತ್ರ ಮೊಟಕು. ಅದರ ಬಳೆಗಳಿಗೆ ಹೊನ್ನಿನ ಬಣ್ಣವಿದ್ದರೆ ಒಡವೆಯೆಂದು ಭ್ರಮಿಸಬೇಡಿ, ಬಾಯಿಗೆ ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿ ತಗಡು ಜೋಡಿಸಿದೆಯೆಂಬ ಗುರುತು.

ಕಡೆಗೆ ಉಳಿದುದು ರಿಟ್ರಾಕ್ಟರ್. ಡೀವರ್ ಎಂಬುದು ಪ್ರಶ್ನಾರ್ಥಕ ಚಿಹ್ನೆಯಂತೆ ಬಾಗಿದ ಅಗಲ ಪಟ್ಟಿ. ಯಕೃತ್ತನ್ನು ಓರೆಗೆ ಸರಿಸಿ ದಾರಿ ಬಿಡಿಸುತ್ತದೆ. ಅದಕ್ಕೆ ಕಚ್ಚಿ ನಿಲ್ಲುವ ಹಲ್ಲಿಲ್ಲ, ಯಾರಾದರೂ ಎಳೆದು ಹಿಡಿದೇ ನಿಲ್ಲಬೇಕು. ಯಂತ್ರಗಳಲ್ಲೆಲ್ಲ ಕೈಯೇ ಪ್ರಧಾನವೆಂದ ಸುಶ್ರುತನ ಮಾತು, ಗಂಟೆಗಟ್ಟಲೆ ಡೀವರ್ ಹಿಡಿದು ಮರಗಟ್ಟಿದ ನನ್ನ ಕೈಗಳಿಗೆ ಎಷ್ಟೋ ಸಲ ನೆನಪಾಗಿದೆ. ಹಾಗೆ ನಿಂತವನಿಗೆ ಹೊಟ್ಟೆಯೊಳಗಿನದು ಏನೂ ಕಾಣಿಸುತ್ತಿರಲಿಲ್ಲ. ಕಾಣಿಸುತ್ತಿದ್ದುದು ಹಿರಿಯರ ಮೊಣಕೈ ಮಾತ್ರ.