ಹಾಡದೆ ಬಿಟ್ಟ ವಚನ: ಆ್ಯನಿ ಡಿಲ್ಲಾರ್ಡರ ಒಂದು ಕೃತಿಯನ್ನು ಓದುತ್ತ

ಪಂಚಾಶತ್ತಮ ಹಬ್ಬದ ಬಲಿಪೂಜೆಯಲ್ಲಿ ನಾವು 104ನೆಯ ಕೀರ್ತನೆಯನ್ನು ಹಾಡುತ್ತೇವೆ. ಆದರೆ ವಾಚನಗ್ರಂಥವು ಮೊದಲನೆಯ ವಚನದಿಂದ 24ಕ್ಕೂ ಅಲ್ಲಿಂದ 29ಕ್ಕೂ ದಾಟಿಬಿಡುತ್ತದೆ. ಹೀಗೆ ಬಿಟ್ಟುಹೋಗುವ 21ನೆಯ ವಚನದಲ್ಲಿ ಸಿಂಹದ ಮರಿಗಳು ಬೇಟೆಗಾಗಿ ಗರ್ಜಿಸುತ್ತ ತಮ್ಮ ಆಹಾರವನ್ನು ದೇವರಲ್ಲೇ ಬೇಡುತ್ತವೆ. ಪಾಸ್ಖ ಜಾಗರಣೆಯಲ್ಲಿ ಇದೇ ಕೀರ್ತನೆಯನ್ನು ಆಯ್ದುಕೊಂಡರೂ ಆ ಸಿಂಹಕ್ಕೆ ಸ್ಥಳವಿಲ್ಲ. ಯಾಮಪ್ರಾರ್ಥನೆಯ ಎರಡನೆಯ ವಾರದ ಭಾನುವಾರ ಕೀರ್ತನೆ ಪೂರ್ಣವಾಗಿ ಬರುವುದರಿಂದ ಯಾಜಕರಿಗೆ ಅದು ಪರಿಚಿತ. ಪೀಠದ ಮುಂದೆ ಕುಳಿತವರಿಗೆ ಮಾತ್ರ ಅಪರಿಚಿತ. ನಮ್ಮ ಪ್ರಬೋಧನೆಗಳಲ್ಲಿ ಸೃಷ್ಟಿಯೆಂದರೆ ಹೂವು, ಹಕ್ಕಿ, ಸೂರ್ಯಾಸ್ತ.

1974ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಬಹುಮಾನ ಪಡೆದ ಆ್ಯನಿ ಡಿಲ್ಲಾರ್ಡರ ‘ಪಿಲ್ಗ್ರಿಮ್ ಅಟ್ ಟಿಂಕರ್ ಕ್ರೀಕ್’ ಬಿಟ್ಟುಹೋದ ಆ ವಚನವನ್ನೇ ಧ್ಯಾನಿಸುವ ಕೃತಿ. ಅಮೆರಿಕದ ವರ್ಜೀನಿಯದ ಒಂದು ಹಳ್ಳದ ದಡದಲ್ಲಿ ಲೇಖಕಿ ಕಪ್ಪೆಯೊಂದನ್ನು ಕಾಣುತ್ತಾರೆ. ಹತ್ತಿರ ಹೋದರೂ ಅದು ಜಿಗಿಯುವುದಿಲ್ಲ. ನೋಡನೋಡುತ್ತಲೇ ಅದರ ಚರ್ಮ ಗಾಳಿ ಹೋದ ಚೆಂಡಿನಂತೆ ಕುಸಿಯುತ್ತದೆ. ನೀರಿನಡಿಯಲ್ಲಿ ಒಂದು ದೊಡ್ಡ ಜಲಕೀಟ ಅದರ ಒಡಲಿಗೆ ದ್ರವವನ್ನು ಚುಚ್ಚಿ, ಒಳಗಿನದೆಲ್ಲವನ್ನೂ ಕರಗಿಸಿ ಹೀರಿರುತ್ತದೆ. ಈ ಕಪ್ಪೆಯನ್ನು ಅವರು ಮರೆಯುವುದಿಲ್ಲ; ಪುಸ್ತಕದುದ್ದಕ್ಕೂ ಅದು ಮರಳಿ ಬರುತ್ತದೆ. ಬೆಳಕಿನಿಂದ ಉರಿಯುವಂತೆ ತೋರಿದ ಮರದ ದರ್ಶನವೂ ಇದೇ ಹಳ್ಳದ ಬಳಿ ಅವರಿಗಾದದ್ದು. ಒಂದನ್ನು ಹೇಳಲು ಇನ್ನೊಂದನ್ನು ಅಳಿಸದಿರುವುದೇ ಈ ಕೃತಿಯ ಪ್ರಾಮಾಣಿಕತೆ. ಅನೇಕ ದೈವಶಾಸ್ತ್ರ ಪಠ್ಯಗಳಲ್ಲಿ ನಾವು ಇದನ್ನು ಕಂಡಿಲ್ಲ.

ಆದರೂ ನಮ್ಮ ತಕರಾರು ಒಂದಿದೆ. ಲೆಕ್ಕವಿಲ್ಲದೆ ಹುಟ್ಟಿ ಲೆಕ್ಕವಿಲ್ಲದೆ ಸಾಯುವ ಜೀವಿಗಳನ್ನು ಕುರಿತ ಅಧ್ಯಾಯದಲ್ಲಿ ಡಿಲ್ಲಾರ್ಡ್ ಒಂದು ಇಕ್ಕಟ್ಟನ್ನು ಮುಂದಿಡುತ್ತಾರೆ: ವಿಕೃತವಾದದ್ದು ಜಗತ್ತೋ, ಅಥವಾ ಅದನ್ನು ಕಂಡು ನೋಯುವ ನಾವೋ? ಅರ್ಧ ವ್ಯಂಗ್ಯದಿಂದಲೇ ಅವರು ಎರಡನೆಯ ಉತ್ತರದ ಕಡೆಗೆ ವಾಲುತ್ತಾರೆ. ವ್ಯಂಗ್ಯವೆಂದು ಬಿಡಬಹುದಿತ್ತು, ಆದರೆ ನೋವಿಗೆ ಅಲ್ಲಿ ಬೇರೆ ನೆಲೆ ಸಿಗುವುದಿಲ್ಲ.

ತರಗತಿಯಲ್ಲಿ ಈ ಭಾಗವನ್ನು ಓದಿದಾಗ ಮಲೆನಾಡಿನ ವಿದ್ಯಾರ್ಥಿಯೊಬ್ಬ ಎದ್ದು ನಿಂತ. “ಫಾದರ್, ನಮ್ಮ ಕೊಟ್ಟಿಗೆಯಿಂದ ಚಿರತೆ ಕರುವನ್ನು ಎಳೆದೊಯ್ದಾಗ ಅಜ್ಜಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹಸುವೂ ಕೂಗುತ್ತಲೇ ಇತ್ತು. ಹಾಗಾದರೆ ವಿಕೃತಿ ಇಬ್ಬರದೂ ಅಲ್ಲವೇ?” ಎಂದು ಕೇಳಿದ. ಕೆಲವರು ನಕ್ಕರು. ಪ್ರಶ್ನೆ ಮಾತ್ರ ನಗುವಂಥದ್ದಾಗಿರಲಿಲ್ಲ.

ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ಪೌಲನು ನರಳುವಿಕೆಯನ್ನು ಮೂರು ಬಾರಿ ಹೆಸರಿಸುತ್ತಾನೆ. ಸೃಷ್ಟಿ ನರಳುತ್ತದೆ (22), ಪವಿತ್ರಾತ್ಮರ ಪ್ರಥಮಫಲವನ್ನು ಪಡೆದ ನಾವು ನರಳುತ್ತೇವೆ (23), ಪವಿತ್ರಾತ್ಮರೇ ಮಾತಿಗೆ ನಿಲುಕದ ನರಳಾಟದಿಂದ ನಮಗಾಗಿ ಬಿನ್ನವಿಸುತ್ತಾರೆ (26). ಗ್ರೀಕ್ ಮೂಲದಲ್ಲಿ ಮೂರೂ ಒಂದೇ ಧಾತುವಿನಿಂದ ಹುಟ್ಟಿದ ಪದಗಳು. ಪೌಲನ ಮನಸ್ಸಿನಲ್ಲಿ ಹಸುವಿತ್ತೆಂದು ನಾವು ವಾದಿಸುವುದಿಲ್ಲ. ಆದರೆ ಅಜ್ಜಿಯ ಅಳಲು ಸೃಷ್ಟಿಗೆ ಹೊರಗಿನದಲ್ಲ, ದೇವರಿಗೂ ಹೊರಗಿನದಲ್ಲ ಎಂಬುದು ಈ ವಾಕ್ಯಗಳ ಆಧಾರದಿಂದ ಹೇಳಬಹುದಾದ ಮಾತು. ಡಿಲ್ಲಾರ್ಡರ ದೇವರು ಅತಿಶಯವಾಗಿ ಸೃಷ್ಟಿಸುವ ಕಲಾವಿದ. ಅವನು ನರಳುವುದನ್ನು ಈ ಪುಸ್ತಕದಲ್ಲಿ ನಾವು ಕೇಳುವುದಿಲ್ಲ. ಕೊನೆಯ ಭಾಗದ ಬಲಿಪೀಠದ ರೂಪಕವೂ ಹೀಗೆಯೇ: ಜೀವಿಗಳು ಪೀಠದ ಮೇಲಿವೆ, ದೇವರು ಪೀಠದ ಆಚೆಗಿದ್ದಾರೆ. ಹಿಬ್ರಿಯರಿಗೆ ಬರೆದ ಪತ್ರವನ್ನು ಓದಿದವರು ಅಲ್ಲಿಗೆ ನಿಲ್ಲಲಾರರು.

ಲೇಖಕಿಯೂ ಅಲ್ಲಿಗೆ ನಿಲ್ಲಲಿಲ್ಲವೆನ್ನಬೇಕು. 1977ರ ‘ಹೋಲಿ ದ ಫರ್ಮ್’ನಲ್ಲಿ ಅವರೆದುರಿಗಿರುವುದು ಕಪ್ಪೆಯಲ್ಲ, ವಿಮಾನ ಅಪಘಾತದಲ್ಲಿ ಮುಖ ಸುಟ್ಟುಹೋದ ಬಾಲಕಿ. ಚಿಕ್ಕ ಪುಸ್ತಕ, ಮೊದಲನೆಯದಕ್ಕಿಂತ ಕಠಿಣ. ಗುರುಮಠದ ವಿದ್ಯಾರ್ಥಿಗಳು ಎರಡನ್ನೂ ಈ ಕ್ರಮದಲ್ಲಿಯೇ ಓದಬೇಕೆಂಬುದು ನಮ್ಮ ಅಪೇಕ್ಷೆ. ಮುಂದಿನ ಪಂಚಾಶತ್ತಮದ ಪ್ರಬೋಧನೆಯನ್ನು ಸಿದ್ಧಪಡಿಸುವವರು 21ನೆಯ ವಚನವನ್ನು ಒಮ್ಮೆ ಗಟ್ಟಿಯಾಗಿ ಓದಿ ಆಮೇಲೆ ಬರೆಯತೊಡಗಲಿ.